ಹೆಸರು ಬರೆಯಬಾರದು

ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಅಟ್ಟ ಕ್ಲೀನ್ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. ಅಟ್ಟದ ಮೂಲೆಯಲ್ಲಿ ಅಪ್ಪನ ಹಳೇ ಕಬ್ಬಿಣದ ಟ್ರಂಕು. ಅದರೊಳಗೆ ಜಮೀನಿನ ಕಾಗದ, ಅಜ್ಜಿಯ ಕನ್ನಡಕ, ಯಾರದೋ ಮದುವೆಯ ಕರೆಯೋಲೆಗಳು, ಮತ್ತೆ ಒಂದು ಪ್ಲಾಸ್ಟಿಕ್ ಕವರ್. ಕವರಿನಲ್ಲಿ ಎರಡು ಹಾಲ್ ಟಿಕೆಟ್. ಒಂದು ನನ್ನದು, 2016ರ ದ್ವಿತೀಯ ಪಿಯುಸಿ. ಇನ್ನೊಂದು ಅಪ್ಪನದು, 1986ರ ಎಸ್‌ಎಸ್‌ಎಲ್‌ಸಿ. ಅಪ್ಪನದರಲ್ಲಿ ಮಡಿಚಿದ ಕಡೆಯೆಲ್ಲ ಹರಿದು ಅಕ್ಷರ ಮಾಸಿದೆ. ರಿಜಿಸ್ಟರ್ ನಂಬರ್ ಮಾತ್ರ ಸ್ಪಷ್ಟವಾಗಿ ಕಾಣುತ್ತೆ.

ನನ್ನ ಹಾಲ್ ಟಿಕೆಟ್ ಅಮ್ಮ ಎತ್ತಿಟ್ಟಿರಬೇಕು. ಆದರೆ ಅಪ್ಪನದು? ಅಪ್ಪ ಎಸ್‌ಎಸ್‌ಎಲ್‌ಸಿ ಪಾಸಾಗಿಲ್ಲ. ಗಣಿತದಲ್ಲಿ ಹೋಯಿತು ಅಂತ ಒಂದೇ ಮಾತಿನಲ್ಲಿ ಮುಗಿಸ್ತಾರೆ. ಆಮೇಲೆ ಹಿಟ್ಟಿನ ಗಿರಣಿಗೆ ಕೂತವರು ಇವತ್ತಿಗೂ ಅಲ್ಲೇ ಇದ್ದಾರೆ. ಫೇಲಾದ ಪರೀಕ್ಷೆಯ ಹಾಲ್ ಟಿಕೆಟ್ಟನ್ನ ಯಾರಾದರೂ ಇಷ್ಟು ವರ್ಷ ಇಟ್ಕೊಳ್ತಾರಾ?

ಕೇಳಿದೆ. ಅಪ್ಪ ಹೇಳಿದ್ದು ಇಷ್ಟು: "ರಿಸಲ್ಟ್ ದಿನ ಸ್ಕೂಲಿನ ಬೋರ್ಡಿಗೆ ಪಾಸಾದವರ ನಂಬರ್ ಬರೆದು ಅಂಟಿಸಿದ್ರು. ನನ್ನ ಹಿಂದಿನ ನಂಬರ್ ಇತ್ತು, ಮುಂದಿನ ನಂಬರೂ ಇತ್ತು. ನನ್ನದು ಬಿಟ್ಟುಹೋಗಿರಬೇಕು, ಬರೆಯೋರು ತಪ್ಪು ಮಾಡಿರಬೇಕು ಅಂದ್ಕೊಂಡೆ. ಯಾವಾಗಲಾದ್ರೂ ಕೇಳಿದ್ರೆ ತೋರಿಸೋಕೆ ಇರಲಿ ಅಂತ ಇಟ್ಟೆ. ಹೆಸರಾದ್ರೂ ಇದ್ದಿದ್ರೆ ಹುಡುಕಬಹುದಿತ್ತು. ಬರೀ ನಂಬರ್ ತಗೊಂಡು ಯಾರನ್ನ ಕೇಳೋದು?"

ಇದನ್ನ ಕೇಳಿದ ಮೇಲೆ ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಉತ್ತರ ಪತ್ರಿಕೆಯಲ್ಲಿ ಎಲ್ಲೂ ಹೆಸರು ಬರೆಯಬಾರದು, ಗುರುತು ಮಾಡಬಾರದು ಅನ್ನೋ ಸೂಚನೆಯನ್ನ ನಾವೆಲ್ಲ ಎಷ್ಟು ಸಲ ಕೇಳಿದ್ದೇವೆ! ದೇವರ ಹೆಸರು ಬರೆದರೂ ಮೇಲ್ವಿಚಾರಕರು ಗದರ್ತಾರೆ. ಈ ನಿಯಮ ಎಲ್ಲಿಂದ ಬಂತು? ಇದರಿಂದ ಯಾರಿಗೆ ಲಾಭ ಆಯಿತು, ಯಾರಿಗೆ ಆಗಲಿಲ್ಲ? ಆಮೇಲಿನ ಕೆಲವು ವಾರಾಂತ್ಯ ಇದನ್ನೇ ಓದಿದೆ. ಓದಿದ್ದರಲ್ಲಿ ನಿಮಗೂ ಇಷ್ಟ ಆಗಬಹುದು ಅನ್ನಿಸಿದ್ದನ್ನ ಇಲ್ಲಿ ಬರೀತಿದ್ದೀನಿ.

ಕತೆ ಶುರುವಾಗೋದು ಚೀನಾದಲ್ಲಿ. ಸರ್ಕಾರಿ ಹುದ್ದೆಗೆ ಪರೀಕ್ಷೆ ಇಟ್ಟು ಜನರನ್ನ ಆರಿಸೋ ಪದ್ಧತಿ ಅಲ್ಲಿ ಸುಯಿ ರಾಜವಂಶದ ಕಾಲದಲ್ಲಿ, ಸುಮಾರು ಕ್ರಿ.ಶ. 600ರ ಆಸುಪಾಸಿನಲ್ಲಿ ಹುಟ್ಟಿಕೊಂಡಿತು. ಅದು ನಿಂತಿದ್ದು 1905ರಲ್ಲಿ. ಅಂದರೆ ಸುಮಾರು 1300 ವರ್ಷ ನಡೆದ ಪರೀಕ್ಷೆ! ಮೊದಮೊದಲು ಪರೀಕ್ಷಕರಿಗೆ ಅಭ್ಯರ್ಥಿ ಯಾರು, ಯಾರ ಮಗ ಅನ್ನೋದೆಲ್ಲ ಗೊತ್ತಿರುತ್ತಿತ್ತು. ಶಿಫಾರಸು ನಡೀತಿತ್ತು. ಸಾಂಗ್ ರಾಜವಂಶದ ಕಾಲಕ್ಕೆ, 11ನೇ ಶತಮಾನದ ಹೊತ್ತಿಗೆ, ಉತ್ತರ ಪತ್ರಿಕೆಯ ಮೇಲಿನ ಹೆಸರಿನ ಮೇಲೆ ಕಾಗದ ಅಂಟಿಸಿ ಮುಚ್ಚೋಕೆ ಶುರು ಮಾಡಿದರು. ಆಮೇಲೆ ಇನ್ನೊಂದು ತೊಂದರೆ ಬಂತು. ಹೆಸರು ಮುಚ್ಚಿದರೂ ಕೈಬರಹ ನೋಡಿ ಇವನು ಇಂಥವನು ಅಂತ ಗುರುತು ಹಿಡಿಯಬಹುದಲ್ಲ? ಅದಕ್ಕೂ ಪರಿಹಾರ ಹುಡುಕಿದರು. ಪ್ರತಿ ಉತ್ತರ ಪತ್ರಿಕೆಯನ್ನ ಗುಮಾಸ್ತರ ಕೈಯಲ್ಲಿ ಮತ್ತೊಮ್ಮೆ ನಕಲು ಮಾಡಿಸಿ, ಪರೀಕ್ಷಕರಿಗೆ ಆ ನಕಲನ್ನೇ ಕೊಡೋದು. ಮುಂದೆ ಮಿಂಗ್, ಚಿಂಗ್ ಕಾಲದಲ್ಲಿ ಅಭ್ಯರ್ಥಿ ಕಪ್ಪು ಶಾಯಿಯಲ್ಲಿ ಬರೆದರೆ ಗುಮಾಸ್ತರು ಕೆಂಪು ಶಾಯಿಯಲ್ಲಿ ನಕಲು ಮಾಡ್ತಿದ್ದರು. ಒಂದೊಂದು ಪರೀಕ್ಷೆಗೆ ಸಾವಿರಾರು ಜನ ಕೂರ್ತಿದ್ದರು. ಅಷ್ಟೂ ಪತ್ರಿಕೆಗಳನ್ನ ಕೈಯಲ್ಲಿ ನಕಲು ಮಾಡೋದು ಅಂದ್ರೆ ಸುಮ್ನೆ ಮಾತಾ?

ಇದರ ಬಗ್ಗೆ ಒಂದು ಪ್ರಸಿದ್ಧ ಕತೆ ಇದೆ. 1057ರ ಪರೀಕ್ಷೆಯ ಮುಖ್ಯ ಪರೀಕ್ಷಕ ಓಯಾಂಗ್ ಶಿಯು ಅನ್ನೋ ದೊಡ್ಡ ವಿದ್ವಾಂಸ. ಒಂದು ಪ್ರಬಂಧ ಅವನಿಗೆ ತುಂಬ ಹಿಡಿಸಿತು. ಇಷ್ಟು ಚೆನ್ನಾಗಿ ಬರೆದಿದ್ದಾನೆ ಅಂದ್ರೆ ಇದು ನನ್ನ ಶಿಷ್ಯ ತ್ಸೆಂಗ್ ಕುಂಗ್‌ನದೇ ಇರಬೇಕು ಅಂದುಕೊಂಡ. ಶಿಷ್ಯನಿಗೆ ಮೊದಲ ಸ್ಥಾನ ಕೊಟ್ಟ ಅನ್ನೋ ಅಪವಾದ ಬೇಡ ಅಂತ ಅದನ್ನ ಎರಡನೆಯ ಸ್ಥಾನಕ್ಕೆ ಇಳಿಸಿದ. ಹೆಸರು ಬಿಚ್ಚಿ ನೋಡಿದರೆ ಅದು ಬರೆದವನು ಸು ಶಿ. 20 ವರ್ಷದ ಹುಡುಗ, ಮುಂದೆ ಚೀನಾದ ಮಹಾಕವಿಗಳಲ್ಲಿ ಒಬ್ಬನಾದವನು. ಹೆಸರು ಮುಚ್ಚಿದರೂ ಮನುಷ್ಯ ಹೆಸರನ್ನ ಊಹೆ ಮಾಡೋದು ಬಿಡಲ್ಲ ನೋಡಿ :-)

ಹಾಗಂತ ಚೀನಾದ ಪದ್ಧತಿ ಎಲ್ಲರಿಗೂ ಸಮನಾಗಿತ್ತಾ? ಬಾಗಿಲು ಬಹುಪಾಲು ಗಂಡಸರಿಗೆ ತೆರೆದಿತ್ತು, ಹೆಂಗಸರಿಗೆ ಇರಲೇ ಇಲ್ಲ. ಹತ್ತು ಹದಿನೈದು ವರ್ಷ ಕೂತು ಹಳೇ ಗ್ರಂಥಗಳನ್ನ ಬಾಯಿಪಾಠ ಮಾಡೋಕೆ ಮನೆಯಲ್ಲಿ ಅನ್ನಕ್ಕೆ ದಾರಿ ಇರಬೇಕಲ್ಲ? ನಾನ್‌ಜಿಂಗ್‌ನಲ್ಲಿದ್ದ ಪರೀಕ್ಷಾ ಭವನದಲ್ಲಿ ಗೂಡಿನಂಥ ಕೋಣೆಗಳು 20,000ಕ್ಕೂ ಹೆಚ್ಚು. ಹಾಸಿಗೆ, ಊಟ ಎಲ್ಲ ಹೊತ್ಕೊಂಡು ಒಳಗೆ ಹೋಗಿ ದಿನಗಟ್ಟಲೆ ಅಲ್ಲೇ ಕೂತು ಬರೀಬೇಕು. ಪಾಸಾಗ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಹೀಗೆ ಮತ್ತೆ ಮತ್ತೆ ಫೇಲಾದ ಹಾಂಗ್ ಶಿಯುಚುವಾನ್ ಅನ್ನೋ ಹಳ್ಳಿ ಮೇಷ್ಟ್ರು ಮುಂದೆ ತೈಪಿಂಗ್ ದಂಗೆಯ ನಾಯಕನಾದ. 1850ರಿಂದ 1864ರವರೆಗೆ ನಡೆದ ಆ ದಂಗೆಯಲ್ಲಿ ಸತ್ತವರು ಕೋಟಿಯ ಲೆಕ್ಕದಲ್ಲಿ. ಪರೀಕ್ಷೆಯಲ್ಲಿ ಫೇಲಾದದ್ದೇ ಅದಕ್ಕೆಲ್ಲ ಕಾರಣ ಅಂತ ನಾನು ಹೇಳ್ತಿಲ್ಲ, ಹಸಿವು, ಬಡತನ, ಬೇರೆ ಕಾರಣಗಳೂ ಇದ್ದವು. ಆದರೂ ಬೋರ್ಡಿನಲ್ಲಿ ತನ್ನ ಗುರುತು ಕಾಣದವನ ಸಂಕಟ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಇದಕ್ಕಿಂತ ಭಯಂಕರ ಉದಾಹರಣೆ ನನಗೆ ಸಿಗಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ಹುದ್ದೆಗಳು ಮೊದಲು ಡೈರೆಕ್ಟರುಗಳ ಶಿಫಾರಸಿನ ಮೇಲೆ ಹಂಚಿಕೆ ಆಗ್ತಿದ್ದವು. ಅಳಿಯ, ಸೋದರಳಿಯ, ಗೆಳೆಯನ ಮಗ... ನಿಮಗೆ ಗೊತ್ತೇ ಇದೆ. 1853ರ ಚಾರ್ಟರ್ ಕಾಯ್ದೆ ಇದನ್ನ ನಿಲ್ಲಿಸಿತು. ಮೆಕಾಲೆ ಸಮಿತಿ 1854ರಲ್ಲಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ಕಾಗದದ ಮೇಲೆ ಭಾರತೀಯರಿಗೂ ಅವಕಾಶ ಇತ್ತು. ಆದರೆ ಪರೀಕ್ಷೆ ಬರೆಯೋಕೆ ಹಡಗು ಹತ್ತಬೇಕು, ಲ್ಯಾಟಿನ್, ಗ್ರೀಕ್ ಬಂದವರಿಗೆ ಅಂಕ ಜಾಸ್ತಿ. ಅಷ್ಟಾದರೂ 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಪಾಸಾದರು, ಐಸಿಎಸ್ ಸೇರಿದ ಮೊದಲ ಭಾರತೀಯ. ರವೀಂದ್ರನಾಥ ಠಾಕೂರರ ಅಣ್ಣ. ನಮಗೆ ಅವರು ಹತ್ತಿರದವರೇ. 1880ರ ದಶಕದಲ್ಲಿ ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ಅಲ್ಲಿಗೆ ಬಂದು ಉಳಿದದ್ದರ ನೆನಪಿಗೇ ಕಾರವಾರದ ಕಡಲತೀರಕ್ಕೆ ಠಾಕೂರರ ಹೆಸರು.

ಭಾರತೀಯರು ಪಾಸಾಗೋಕೆ ಶುರುವಾದ ಮೇಲೆ ಏನಾಯ್ತು? 1870ರ ದಶಕದಲ್ಲಿ ಗರಿಷ್ಠ ವಯಸ್ಸನ್ನ 21ರಿಂದ 19ಕ್ಕೆ ಇಳಿಸಿದರು. ಇಂಗ್ಲಿಷನ್ನ ಕಲಿತು, ಡಿಗ್ರಿ ಮುಗಿಸಿ, ಹಡಗು ಹತ್ತೋ ಹೊತ್ತಿಗೆ ನಮ್ಮ ಹುಡುಗರ ವಯಸ್ಸು ಮುಗಿದಿರ್ತಿತ್ತು. ಭಾರತದಲ್ಲೂ ಈ ಪರೀಕ್ಷೆ ನಡೆಸೋಕೆ ಶುರು ಮಾಡಿದ್ದು 1922ರಲ್ಲಿ, ಅಲಹಾಬಾದಿನಲ್ಲಿ. ಪರೀಕ್ಷಕನ ಕಣ್ಣಿಗೆ ಹೆಸರು ಕಾಣದಂತೆ ಮಾಡಬಹುದು. ಆದರೆ ಪರೀಕ್ಷೆ ಎಲ್ಲಿ ನಡೆಯುತ್ತೆ, ಯಾವ ಭಾಷೆಯಲ್ಲಿ, ಎಷ್ಟು ವಯಸ್ಸಿನೊಳಗೆ ಅನ್ನೋದನ್ನ ತೀರ್ಮಾನಿಸೋರಿಗೆ ಯಾರು ಬರಬೇಕು, ಯಾರು ಬರಬಾರದು ಅನ್ನೋದು ಚೆನ್ನಾಗಿ ಕಾಣ್ತಿರುತ್ತೆ.

ಇದೇ ಕಾಲದಲ್ಲಿ, 1857ರಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಒಂದು ತಮಾಷೆ ಗೊತ್ತಾ? ಆಗ ಈ ವಿಶ್ವವಿದ್ಯಾಲಯಗಳಲ್ಲಿ ಪಾಠವೇ ಇರಲಿಲ್ಲ! ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ನಡೆಸೋದು, ಪದವಿ ಕೊಡೋದು, ಇಷ್ಟೇ ಅವುಗಳ ಕೆಲಸ. ಪಾಠ ಕಾಲೇಜುಗಳದ್ದು. ಅಂದರೆ ನಮ್ಮಲ್ಲಿ ಆಧುನಿಕ ವಿಶ್ವವಿದ್ಯಾಲಯ ಅನ್ನೋದು ಹುಟ್ಟಿದ್ದೇ ಪರೀಕ್ಷಾ ಮಂಡಳಿಯಾಗಿ. ಇಂಜಿನಿಯರಿಂಗ್ ಓದುವಾಗ ಹಿಂದಿನ ಐದು ವರ್ಷದ ಪ್ರಶ್ನೆ ಪತ್ರಿಕೆ ಝೆರಾಕ್ಸ್ ಮಾಡಿಸಿ, ಪರೀಕ್ಷೆಗೆ ಬರದ ಅಧ್ಯಾಯವನ್ನ ತಿರುಗಿಯೂ ನೋಡದೆ ಪಾಸಾದ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ಮೈಸೂರು ಸಂಸ್ಥಾನದ ಕಾಲೇಜುಗಳೂ ಮದರಾಸಿನ ಪರೀಕ್ಷೆಯನ್ನೇ ನಂಬಿದ್ದವು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಗೋವರೆಗೆ. ಸಂಸ್ಥಾನಕ್ಕೆ ತನ್ನದೇ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯೂ ಇತ್ತು. ಬಡತನದಲ್ಲಿ ಓದಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಆ ಪರೀಕ್ಷೆ ಪಾಸಾಗಿ 1914ರಲ್ಲಿ ಸರ್ಕಾರದ ಕೆಲಸಕ್ಕೆ ಸೇರಿದವರು. ಶಿಫಾರಸು ಇಲ್ಲದ ಹುಡುಗನಿಗೆ ಪರೀಕ್ಷೆ ಏನು ಕೊಡಬಹುದು ಅನ್ನೋದಕ್ಕೆ ಇದು ಒಂದು ಉದಾಹರಣೆ. ಇನ್ನೊಂದು ಕಡೆ ಡಿವಿಜಿ. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಗಲಿಲ್ಲ. 1961ರಲ್ಲಿ ಅದೇ ಡಿವಿಜಿಯವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಕೊಟ್ಟಿತು.

ಆದರೆ ಸಂಸ್ಥಾನದ ಕತೆಯಲ್ಲಿ ನನ್ನನ್ನ ಹೆಚ್ಚು ಹಿಡಿದು ನಿಲ್ಲಿಸಿದ್ದು 1918. ಹೆಸರು ನೋಡದ ಪರೀಕ್ಷೆ ಇದ್ದರೂ ಹುದ್ದೆಗಳೆಲ್ಲ ಬಹುತೇಕ ಒಂದೇ ಸಮುದಾಯಕ್ಕೆ ಹೋಗ್ತಿವೆ ಅಂತ ಬ್ರಾಹ್ಮಣೇತರ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಅಹವಾಲು ಇಟ್ಟರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಆಗಲಿಲ್ಲ. ಆಯ್ಕೆಗೆ ಅರ್ಹತೆಯೊಂದೇ ಅಳತೆ ಆಗಬೇಕು ಅನ್ನೋದು ಅವರ ನಿಲುವು. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗುವಂತೆ ಆಗಬೇಕು ಅಂತ.

ನಾನು ಓದಿದ ಕಾಲೇಜಿಗೆ ಹೋಗುವ ದಾರಿಯಲ್ಲೇ ವಿಶ್ವೇಶ್ವರಯ್ಯನವರ ಪ್ರತಿಮೆ ಇತ್ತು. ಇಂಜಿನಿಯರಾದವನಿಗೆ ಅವರು ದೇವರಿದ್ದ ಹಾಗೆ. ಆದರೂ ಗಿರಣಿಯಲ್ಲಿ ಕೂತ ಅಪ್ಪನನ್ನ ನೆನೆದರೆ ಮಿಲ್ಲರ್ ಸಮಿತಿಯ ಮುಂದೆ ನಿಂತವರ ಮಾತನ್ನ ತಳ್ಳಿಹಾಕೋಕೆ ನನಗೆ ಆಗಲ್ಲ. ನಂಬರ್ ಹಾಕಿದ ಪತ್ರಿಕೆಯನ್ನ ನೋಡೋವಾಗ ಮೇಷ್ಟ್ರಿಗೆ ಅಪ್ಪ ಯಾರು ಅಂತ ಗೊತ್ತಿರಲಿಲ್ಲ, ನಿಜ. ಆದರೆ ಪರೀಕ್ಷೆಯ ಹಿಂದಿನ ಎರಡು ತಿಂಗಳು ಅಜ್ಜ ಹಾಸಿಗೆ ಹಿಡಿದಿದ್ದರು, ಅಪ್ಪ ಹೊಲದಲ್ಲಿದ್ದರು ಅನ್ನೋದೂ ಗೊತ್ತಿರಲಿಲ್ಲ.

ಈಗ ನನ್ನ ಹಾಲ್ ಟಿಕೆಟ್ಟಿನ ಕತೆ. ಅದಕ್ಕೆ ಮೊದಲು ಸಿಇಟಿ ಹೇಗೆ ಬಂತು ಅಂತ ಎರಡು ಮಾತು. 1980ರ ದಶಕದಲ್ಲಿ ಕರ್ನಾಟಕದ ಖಾಸಗಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಡೊನೇಷನ್ ದೇಶಕ್ಕೇ ಪ್ರಸಿದ್ಧ. ಕ್ಯಾಪಿಟೇಷನ್ ನಿಷೇಧಿಸಿ 1984ರಲ್ಲೇ ರಾಜ್ಯ ಕಾಯ್ದೆ ಮಾಡಿತ್ತು. ಆದರೆ 1989ರ ಸರ್ಕಾರಿ ಆದೇಶದ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದವರಿಗೆ 25,000, ಹೊರ ರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೋಹಿನಿ ಜೈನ್ ಅನ್ನೋ ವಿದ್ಯಾರ್ಥಿನಿ ಇದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು, 1992ರಲ್ಲಿ ಗೆದ್ದರು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಫ್ರೀ ಸೀಟು, ಪೇಮೆಂಟ್ ಸೀಟು ಅನ್ನೋ ಲೆಕ್ಕ ಬಂತು, ಎರಡನ್ನೂ ಅರ್ಹತೆಯ ಕ್ರಮದಲ್ಲೇ ತುಂಬಬೇಕು ಅಂತ ಆಯಿತು. 1994ರಿಂದ ನಮ್ಮಲ್ಲಿ ಸಿಇಟಿ ಶುರು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ ತೀರ್ಪು ಉನ್ನಿಕೃಷ್ಣನ್ ವ್ಯವಸ್ಥೆಯನ್ನ ಬದಲಾಯಿಸಿತು, ಆದರೂ ಸಿಇಟಿ ಉಳಿಯಿತು. ಓಎಂಆರ್ ಶೀಟಿನಲ್ಲಿ ಗೋಲ ತುಂಬಿದರೆ ಯಂತ್ರಕ್ಕೆ ನಾವು ಯಾರ ಮಕ್ಕಳು ಅಂತ ಗೊತ್ತಾಗಲ್ಲ. ನನ್ನಂಥವರು ಇವತ್ತು ಬೆಂಗಳೂರಿನಲ್ಲಿ ಕೋಡ್ ಬರೀತಾ ಕೂತಿದ್ದೇವೆ ಅಂದ್ರೆ ಅದಕ್ಕೆ ಈ ಕುರುಡು ಯಂತ್ರವೂ ಒಂದು ಕಾರಣ.

2016ರಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅರ್ಧ, ಪಿಯುಸಿಯ ಅರ್ಧ ಸೇರಿಸ್ತಿದ್ದರು. ಮಾರ್ಚ್ 21ಕ್ಕೆ ಕೆಮಿಸ್ಟ್ರಿ ಪರೀಕ್ಷೆ. ನಾನೂ ನನ್ನ ಬೆಂಚ್‌ಮೇಟೂ (ಹೆಸರು ಬರೆಯಲ್ಲ, ಇವತ್ತಿನ ನಿಯಮದ ಪ್ರಕಾರ) ಹೊರಗೆ ಬಂದು ಉತ್ತರ ತಾಳೆ ನೋಡಿದೆವು. ಅವನು ನನಗಿಂತ ಚೆನ್ನಾಗಿ ಬರೆದಿದ್ದ, ಒಂದು ಪ್ರಶ್ನೆಯೂ ಬಿಟ್ಟಿರಲಿಲ್ಲ. ಆಮೇಲೆ ಸುದ್ದಿ ಬಂತು, ಪ್ರಶ್ನೆ ಪತ್ರಿಕೆ ಮೊದಲೇ ಸೋರಿಕೆ ಆಗಿದೆ, ಪರೀಕ್ಷೆ ರದ್ದು. ಮತ್ತೆ ಮಾರ್ಚ್ 31ಕ್ಕೆ. ಆ ದಿನ ಬೆಳಗ್ಗೆ ಪೆನ್ನು, ಹಾಲ್ ಟಿಕೆಟ್ಟು ಜೋಡಿಸಿಕೊಂಡು ಹೊರಟು ನಿಂತಾಗ ಟಿವಿಯಲ್ಲಿ ಬಂತು, ಮತ್ತೆ ಸೋರಿಕೆ, ಮತ್ತೆ ರದ್ದು. ಕೊನೆಗೆ ಏಪ್ರಿಲ್ 12ಕ್ಕೆ ಬರೆದೆವು. ಇಡೀ ರಾಜ್ಯದಲ್ಲಿ ನಮ್ಮ ವಯಸ್ಸಿನವರು ಬೀದಿಗೆ ಇಳಿದಿದ್ದರು.

ಅಷ್ಟು ಹೊತ್ತಿಗೆ ನನ್ನ ಗೆಳೆಯ ಮೆತ್ತಗಾಗಿದ್ದ. ಮೂರನೇ ಸಲಕ್ಕೆ ಅವನಿಗೆ ಜ್ವರ ಬೇರೆ. ಕೆಮಿಸ್ಟ್ರಿಯಲ್ಲಿ ಎಷ್ಟೋ ಅಂಕ ಹೋಯಿತು, ರ‍್ಯಾಂಕ್ ಕೆಳಗಿಳಿಯಿತು, ಬೇಕಾದ ಕಡೆ ಸೀಟು ಸಿಗಲಿಲ್ಲ. ಅವನು ಬಿಎಸ್ಸಿ ಸೇರಿದ. ಅವನು ಮಾರ್ಚ್ 21ರಂದು ಬರೆದ ಆ ಉತ್ತರ ಪತ್ರಿಕೆಯನ್ನ ಯಾರೂ ಓದಲೇ ಇಲ್ಲ. ನಾನು ಬರೆದದ್ದು ಅವನಿಗಿಂತ ಕಡಿಮೆ. ಸೀಟು ಸಿಕ್ಕಿದ್ದು ನನಗೆ. ಇದನ್ನ ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಹೆಸರು ಮುಚ್ಚೋಕೆ ಸಾವಿರ ವರ್ಷದಿಂದ ಮನುಷ್ಯ ಪಟ್ಟ ಪಾಡೆಲ್ಲ ಒಂದು ಲಕೋಟೆ ಮೊದಲೇ ತೆರೆದರೆ ವ್ಯರ್ಥ. ಕೆಂಪು ಶಾಯಿಯ ಗುಮಾಸ್ತರು, ಓಎಂಆರ್ ಯಂತ್ರ, ರಿಜಿಸ್ಟರ್ ನಂಬರ್, ಎಲ್ಲ ಸೇರಿ ಕೊಡೋ ಭರವಸೆ ಒಂದೇ: ನೀನು ಯಾರಾದರೂ ಸರಿ, ನೀನು ಬರೆದದ್ದನ್ನ ಮಾತ್ರ ನೋಡ್ತೀವಿ. ಸೋರಿಕೆ ಮಾಡಿದವರು ಕದ್ದದ್ದು ಪ್ರಶ್ನೆಗಳನ್ನ ಮಾತ್ರ ಅಲ್ಲ, ಆ ಭರವಸೆಯನ್ನ.

ಆ ಗೆಳೆಯ ಬಿಎಡ್ ಮಾಡಿ ಈಗ ಹೈಸ್ಕೂಲ್ ಮೇಷ್ಟ್ರು. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋಗ್ತಾನೆ. ಅಪ್ಪನ ಹಾಲ್ ಟಿಕೆಟ್ ವಿಷಯ ಹೇಳೋಕೆ ಅವನಿಗೆ ಫೋನ್ ಮಾಡಿದ್ದೆ. ಪೇಪರ್ ತಿದ್ದುವಾಗ ಏನನ್ನಿಸುತ್ತೆ ಅಂತ ಕೇಳಿದೆ.

"ಹೆಸರು ಇರಲ್ಲ ನಿಜ. ಆದ್ರೆ ಮಕ್ಕಳು ಏನೇನೋ ಬರೆದಿರ್ತಾರೆ ಮಾರಾಯ. ಸಾರ್, ದಯವಿಟ್ಟು ಪಾಸ್ ಮಾಡಿ, ಇಲ್ಲಾಂದ್ರೆ ಮದುವೆ ಮಾಡ್ತಾರೆ ಅಂತ ಒಬ್ಬಳು ಬರೆದಿದ್ಲು. ಅದನ್ನ ನೋಡಿ ಅಂಕ ಕೊಡೋ ಹಾಗಿಲ್ಲ. ಮೊದಲಿಂದ ಮತ್ತೆ ಕೂಡಿಸಿದೆ, ಎಲ್ಲಾದ್ರೂ ಸ್ಟೆಪ್‌ಗೆ ಬರಬೇಕಾದ ಅರ್ಧ ಅಂಕ ಬಿಟ್ಟಿದ್ದೀನಾ ಅಂತ. ನಾನು ಪ್ರತಿ ಪೇಪರನ್ನೂ ಎರಡು ಸಲ ಕೂಡಿಸ್ತೀನಿ. ಅದು ನನ್ನ ಲೆಕ್ಕ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. 2016ರ ಬಗ್ಗೆ ಕೊನೆಗೂ ಹೇಳಿದೆ, ಅವತ್ತು ನಿನ್ನ ಪೇಪರ್ ನನ್ನದಕ್ಕಿಂತ ಚೆನ್ನಾಗಿತ್ತು ಅಂತ. ಅವನು "ಗೊತ್ತು ಬಿಡೋ" ಅಂದು ನಕ್ಕ. ಆಮೇಲೆ ಅಪ್ಪನ ಗಿರಣಿ ಹೇಗಿದೆ ಅಂತ ಕೇಳಿದ.

2024ರಲ್ಲಿ ನಮ್ಮಲ್ಲಿ ಪೂರಕ ಪರೀಕ್ಷೆ ಅನ್ನೋ ಹೆಸರು ಹೋಗಿ ಪರೀಕ್ಷೆ 1, 2, 3 ಅಂತ ಒಂದೇ ವರ್ಷದಲ್ಲಿ ಮೂರು ಅವಕಾಶ ಬಂದಿತ್ತು. ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಬಹುದು, ಮರುಮೌಲ್ಯಮಾಪನ ಕೇಳಬಹುದು. ಇದನ್ನ ಅಪ್ಪನಿಗೆ ಹೇಳಿದೆ. "ಹಾಗಾದ್ರೆ ಈಗ ನಂಬರ್ ತಗೊಂಡು ಹೋದ್ರೆ ತೋರಿಸ್ತಾರೆ?" ಅಂದರು. ತೋರಿಸ್ತಾರೆ ಅಂದೆ. "ಒಳ್ಳೇದಾಯ್ತು" ಅಂದರು. ಅಷ್ಟೇ.

ಎರಡೂ ಹಾಲ್ ಟಿಕೆಟ್ಟನ್ನ ಅದೇ ಕವರಿಗೆ ಹಾಕಿ ವಾಪಸ್ ಟ್ರಂಕಿನಲ್ಲಿ ಇಟ್ಟು ಬಂದಿದ್ದೀನಿ. ನಿಮ್ಮ ಮನೆ ಅಟ್ಟದಲ್ಲೂ ಇಂಥ ಕಾಗದ ಒಂದು ಇರಬಹುದು. ಸಿಕ್ಕಿದರೆ ಅದು ಯಾರದು, ಯಾಕೆ ಇಟ್ಟಿದ್ದಾರೆ ಅಂತ ಒಂದು ಸಲ ಕೇಳಿ ನೋಡಿ.